ನಿದ್ದೆಯ ಬಗ್ಗೆ ಬ್ಯಾಂಡಿಗೆ ಗೊತ್ತಿರುವುದೆಷ್ಟು

ಪುಟ್ಟಿ,

ಬೆಳಗಾಯಿತೆಂದರೆ ನೀನು ವಿಜಯವಾಡದಿಂದ, ಅಳಿಯಂದಿರು ವಿಶಾಖಪಟ್ಟಣದಿಂದ ಒಬ್ಬರಿಗೊಬ್ಬರು ನಿದ್ದೆಯ ಅಂಕ ಕಳಿಸಿಕೊಳ್ಳುತ್ತೀರಿ ಎಂದು ನಿಮ್ಮಮ್ಮ ಹೇಳಿದರು. ನಿನ್ನ ಫೋನಿನ ತುಂಬ ‘ರೆಸ್ಟ್‌ಲೆಸ್’ ಎಂಬ ಗೆರೆಗಳೇ ಇರುತ್ತವಂತೆ. ಅವರದರಲ್ಲಿ ಕೆಲವು ದಿನ ನಿದ್ದೆಯೇ ದಾಖಲಾಗುವುದಿಲ್ಲವಂತೆ. ಗಂಡ ಹೆಂಡತಿ ಎರಡು ಊರಲ್ಲಿ ಕೂತು ಇದೇ ಚಿಂತೆಯಲ್ಲಿ ಇನ್ನಷ್ಟು ನಿದ್ದೆಗೆಡುತ್ತಿದ್ದೀರಿ ಎಂದು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಬ್ಯಾಂಡು ಬಿಚ್ಚಿ ಎಸೆಯಿರಿ ಎನ್ನಲು ಬರೆಯುತ್ತಿಲ್ಲ. ಅದು ಅಳೆಯುವುದು ಯಾವುದನ್ನು, ಊಹಿಸುವುದು ಯಾವುದನ್ನು ಎಂದು ತಿಳಿದರೆ ಅದೇ ಬ್ಯಾಂಡು ಕೆಲಸಕ್ಕೆ ಬರುತ್ತದೆ. ತಿಳಿಯದಿದ್ದರೆ ದಿನಾ ಬೆಳಿಗ್ಗೆ ಮನಸ್ಸು ಕೆಡಿಸುತ್ತದೆ, ಅಷ್ಟೇ.

ನನ್ನ ನೌಕರಿಯ ಬಹುಭಾಗ ಕಳೆದದ್ದು ಆಸ್ಪತ್ರೆಯಲ್ಲಿ, ನಿದ್ದೆಯ ಪರೀಕ್ಷೆ ನಡೆಸುವ ಕೋಣೆಯಲ್ಲಿ. ರಾತ್ರಿ ಒಂಬತ್ತಕ್ಕೆ ಬಂದವರನ್ನು ಕೂರಿಸಿ, ಟೇಪು ಹಿಡಿದು ತಲೆ ಅಳೆದು, ಕೂದಲು ಬಗೆದು ಗುರುತು ಹಾಕಿ, ಆ ಜಾಗದ ಚರ್ಮ ಉಜ್ಜಿ, ಅಂಟುಲೇಪ ಹಚ್ಚಿ ಒಂದೊಂದೇ ತಂತಿ ಕೂರಿಸಬೇಕಿತ್ತು. ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಎರಡೂ ಮೊಣಕಾಲಿನ ಕೆಳಗೆ ಮುಂಭಾಗಕ್ಕೆ ತಂತಿ. ಎದೆಗೊಂದು, ಹೊಟ್ಟೆಗೊಂದು ಪಟ್ಟಿ. ಮೂಗಿನ ಕೆಳಗೆ ಉಸಿರು ನೋಡುವ ನಳಿಕೆ, ಬೆರಳ ತುದಿಗೆ ಆಮ್ಲಜನಕ ನೋಡುವ ಕ್ಲಿಪ್ಪು. ಇಷ್ಟೆಲ್ಲ ಕಟ್ಟಿ ಮುಗಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಆಗುತ್ತಿತ್ತು. ಆಮೇಲೆ ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಕೂತರೆ ಬೆಳಗಿನವರೆಗೆ ಅಲ್ಲೇ. ಮೂವತ್ತು ಸೆಕೆಂಡಿಗೆ ಒಂದು ಪುಟ, ಎಂಟು ಗಂಟೆಯ ನಿದ್ದೆಗೆ 960 ಪುಟ. ಒಂದೊಂದು ಪುಟವನ್ನೂ ನೋಡಿ ಇದು ಎಚ್ಚರ, ಇದು ತೆಳು ನಿದ್ದೆ, ಇದು ಗಾಢ ನಿದ್ದೆ, ಇದು ಕನಸಿನ ನಿದ್ದೆ ಎಂದು ಗುರುತಿಸುವ ಕ್ರಮ 1968ರಲ್ಲೇ ಕೈಪಿಡಿಯಾಗಿ ಬಂತು, 2007ರಲ್ಲಿ ಅದನ್ನು ತಿದ್ದಿ ಹೊಸದು ಮಾಡಿದರು. ನಿದ್ದೆಯನ್ನು ನಿದ್ದೆ ಎಂದು ಖಚಿತವಾಗಿ ಹೇಳುವುದು ಮಿದುಳಿನ ಅಲೆ. ಕೈಯ ಅಲುಗಾಟ ಅದರ ಜೊತೆಗೆ ಬರುವ ಒಂದು ಸುಳಿವು ಮಾತ್ರ.

ಆ ಪರದೆಯ ಮುಂದೆ ಕೂತವರಿಗೆ ಮೊದಲು ತಿಳಿಯುವ ಸಂಗತಿ ಎಂದರೆ ಚೆನ್ನಾಗಿ ನಿದ್ದೆ ಮಾಡುವವರೂ ಹೊರಳಾಡುತ್ತಾರೆ ಎಂಬುದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಅವನೂ ಮಗ್ಗುಲು ಬದಲಿಸುತ್ತಾನೆ. ರಾತ್ರಿಗೆ ಹತ್ತಿಪ್ಪತ್ತು ಸಲ ಮೈ ಹೊರಳಿಸುವುದು ಆರೋಗ್ಯವಂತರ ಲಕ್ಷಣವೇ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಆ ಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ದೇಹ ತಾನಾಗಿ ತಿರುಗುತ್ತದೆ. ಸುಮಾರು ಒಂದೂವರೆ ಗಂಟೆಗೊಮ್ಮೆ ನಿದ್ದೆಯ ಒಂದು ಸುತ್ತು ಮುಗಿಯುತ್ತದೆ. ಸುತ್ತು ಬದಲಾಗುವಾಗ ಕೆಲವು ಸೆಕೆಂಡು ಎಚ್ಚರವಾಗಿ, ಹೊದಿಕೆ ಎಳೆದುಕೊಂಡು, ಮತ್ತೆ ನಿದ್ದೆಗೆ ಜಾರುತ್ತೇವೆ, ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ರಾತ್ರಿಯ ಮೊದಲ ಅರ್ಧದಲ್ಲಿ ಗಾಢ ನಿದ್ದೆ ಹೆಚ್ಚು, ಎರಡನೇ ಅರ್ಧದಲ್ಲಿ ತೆಳು ನಿದ್ದೆ ಮತ್ತು ಕನಸು ಹೆಚ್ಚು. ಹಾಗಾಗಿ ನಸುಕಿನ ಮೂರರ ನಂತರ ನಿನ್ನ ಫೋನಿನಲ್ಲಿ ಗೆರೆಗಳು ದಟ್ಟವಾಗಿದ್ದರೆ ಗಾಬರಿ ಬೇಡ, ಹೆಚ್ಚಿನವರ ರಾತ್ರಿ ಸಾಗುವುದೇ ಹಾಗೆ. ಮಲಗಿದ ಸಮಯದಲ್ಲಿ ನೂರಕ್ಕೆ ಎಂಬತ್ತೈದು ಪಾಲು ನಿದ್ದೆಯಲ್ಲಿ ಕಳೆದರೆ ವೈದ್ಯರು ಅದನ್ನು ಒಳ್ಳೆಯ ನಿದ್ದೆ ಎನ್ನುತ್ತಾರೆ. ನೂರಕ್ಕೆ ನೂರು ಯಾರಿಗೂ ಇಲ್ಲ.

ಇನ್ನು ಬ್ಯಾಂಡಿನ ಸಂಗತಿ. ಅದರೊಳಗೆ ಮೂರು ದಿಕ್ಕಿನ ಚಲನೆ ಹಿಡಿಯುವ ಒಂದು ಸಣ್ಣ ಚಿಪ್ಪಿದೆ. ಚರ್ಮದ ಕಡೆ ಹಸಿರು ಬೆಳಕು ಬಿಟ್ಟು, ಹಿಂದೆ ಬಂದ ಬೆಳಕಿನ ಏರಿಳಿತದಿಂದ ನಾಡಿ ಎಣಿಸುವ ಇನ್ನೊಂದು ಭಾಗವಿದೆ. ಈ ಎರಡನ್ನು ನೋಡಿ ಒಳಗೆ ಏನು ನಡೆದಿರಬಹುದು ಎಂದು ಲೆಕ್ಕ ಹಾಕುತ್ತದೆ. ಅಡುಗೆಮನೆಯ ಹೊರಗೆ ನಿಂತು ಪಾತ್ರೆಗಳ ಸದ್ದಿನಿಂದ ಒಳಗೆ ಏನು ಬೇಯುತ್ತಿದೆ ಎಂದು ಹೇಳಿದ ಹಾಗೆ. ಅಭ್ಯಾಸವಾದವರಿಗೆ ಬಹಳ ಸಲ ಸರಿಯಾಗುತ್ತದೆ, ಕೆಲವು ಸಲ ಪೂರಾ ತಪ್ಪುತ್ತದೆ. ಆಸ್ಪತ್ರೆಯ ಪರೀಕ್ಷೆಯ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಒಂದು ಅಂಶ ಮತ್ತೆ ಮತ್ತೆ ಕಾಣುತ್ತದೆ. ನಿದ್ದೆಯಲ್ಲಿದ್ದಾಗ ನಿದ್ದೆ ಎಂದು ಗುರುತಿಸುವುದರಲ್ಲಿ ಇವು ಗಟ್ಟಿ, ನೂರಕ್ಕೆ ತೊಂಬತ್ತರ ಮೇಲೆ. ಎಚ್ಚರವಿದ್ದಾಗ ಎಚ್ಚರ ಎಂದು ಗುರುತಿಸುವುದರಲ್ಲಿ ಬಹಳ ಹಿಂದೆ. ಕಣ್ಣು ಬಿಟ್ಟು ಸೂರು ನೋಡುತ್ತ ಅಲುಗಾಡದೆ ಮಲಗಿದವರನ್ನು ನಿದ್ದೆಯಲ್ಲಿದ್ದಾರೆ ಎಂದು ಬರೆದುಬಿಡುತ್ತವೆ. ನಿದ್ದೆಯಲ್ಲೇ ಕೈ ಕಾಲು ಒದರುವವರನ್ನು ಎಚ್ಚರವಿದ್ದಾರೆ ಎನ್ನುತ್ತವೆ. ಗಾಢ, ತೆಳು, ಕನಸು ಎಂಬ ವಿಂಗಡಣೆಯಂತೂ ಇನ್ನೂ ಸಡಿಲ. ಇವತ್ತು ಗಾಢ ನಿದ್ದೆ 48 ನಿಮಿಷ, ನಿನ್ನೆ 61 ನಿಮಿಷ ಎಂಬ ಅಂತರಕ್ಕೆ ತಲೆ ಕೊಡುವ ಅಗತ್ಯವೇ ಇಲ್ಲ.

‘ರೆಸ್ಟ್‌ಲೆಸ್’ ಎಂಬ ಗುರುತಿನ ಹಿಂದೆ ಇರುವುದೂ ಇದೇ. ನಾಡಿಯ ಲೆಕ್ಕ ಬರುವ ಮೊದಲಿನ ಬ್ಯಾಂಡುಗಳು ನಿದ್ದೆಯನ್ನು ಮೂರೇ ಬಣ್ಣದಲ್ಲಿ ತೋರಿಸುತ್ತಿದ್ದವು: ನಿದ್ದೆ, ರೆಸ್ಟ್‌ಲೆಸ್, ಎಚ್ಚರ. ನಡುವಿನದು ಕೈ ಅಲುಗಿದೆ, ಆದರೆ ಎದ್ದು ಕೂತಷ್ಟು ಅಲುಗಿಲ್ಲ ಎಂಬ ಟಿಪ್ಪಣಿ. ಕೆಲವು ಬ್ಯಾಂಡುಗಳಲ್ಲಿ ಸಾಮಾನ್ಯ, ಸೂಕ್ಷ್ಮ ಎಂಬ ಎರಡು ಆಯ್ಕೆಗಳಿರುತ್ತವೆ. ಸೂಕ್ಷ್ಮಕ್ಕೆ ಇಟ್ಟರೆ ಸಣ್ಣ ಕದಲಿಕೆಯೂ ಗೆರೆಯಾಗುತ್ತದೆ. ನಿನ್ನದು ಯಾವುದರಲ್ಲಿದೆ ಎಂದು ಮೊದಲು ನೋಡು. ಇನ್ನೊಂದು ಮಾತು, ಅದನ್ನು ಯಾವ ಕೈಗೆ ಕಟ್ಟುತ್ತೀ? ನೀನು ಬಲಗೈಯವಳು, ಎಡಗೈಗೆ ಕಟ್ಟು. ಆ ಕೈಯ ಗಾಜಿನ ಬಳೆಗಳನ್ನು ರಾತ್ರಿ ತೆಗೆದಿಡು. ಬಳೆ ಬಡಿದು ಬ್ಯಾಂಡು ಸರಿದಾಡಿದರೆ ಹಸಿರು ಬೆಳಕು ಹೊರಗೆ ಸೋರುತ್ತದೆ, ನಾಡಿ ತಪ್ಪುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಕೂರಬೇಕು. ಬೆವರುಸಾಲೆ ಎದ್ದರೆ ಎರಡು ದಿನ ಕಟ್ಟಲೇಬೇಡ. ಚರ್ಮ ಕೆರೆತ ಬಂದ ಕೈ ರಾತ್ರಿಯಿಡೀ ಅಲುಗುತ್ತದೆ, ಅದೂ ಗೆರೆಯಾಗುತ್ತದೆ.

ಈಗ ನಿನ್ನ ಊರಿನ ಮಾತಿಗೆ ಬರೋಣ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಮಚಲೀಪಟ್ಟಣದಲ್ಲಿ 1923ರಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ 2020ರ ಏಪ್ರಿಲ್ 1ರಂದು ಒಟ್ಟಿಗೇ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಆಗಿನಿಂದ ನಮ್ಮ ಕರಾವಳಿಯ ಮನೆಗಳಲ್ಲಿ ಗುಂಟೂರು, ತೆನಾಲಿ, ವಿಜಯವಾಡ ಎಂಬ ಹೆಸರು ವರ್ಗಾವಣೆಯ ಕಾಗದದ ಜೊತೆ ಕೇಳಿಬರುವುದು ಮಾಮೂಲಾಗಿದೆ. ನೀನು ಹೋದದ್ದೂ ಆ ದಾರಿಯಲ್ಲೇ. ಹೊಸ ಊರು, ಹೊಸ ಮಂಚ, ಒಬ್ಬಳೇ ಇರುವ ಮನೆ. ಹೊಸ ಜಾಗದಲ್ಲಿ ಮಿದುಳು ಪೂರ್ತಿ ಮಲಗುವುದಿಲ್ಲ ಎಂಬುದು ನಮ್ಮ ಪರೀಕ್ಷೆಯ ಕೋಣೆಯಲ್ಲಿ ಹಳೆಯ ಅನುಭವ. ಮೊದಲ ರಾತ್ರಿಯ ದಾಖಲೆಯನ್ನು ಪೂರಾ ನಂಬಬಾರದು ಎಂದೇ ನಮಗೆ ಕಲಿಸುತ್ತಿದ್ದರು. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದಾಗ, ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಒಂದು ಪಾರ್ಶ್ವ ಇನ್ನೊಂದಕ್ಕಿಂತ ಹೆಚ್ಚು ಎಚ್ಚರವಾಗಿರುವುದು ಕಂಡಿತು. ಬಾಗಿಲಿನ ಚಿಲಕ ಭದ್ರವಾಗಿದೆ, ಪಕ್ಕದ ಮನೆಯವರ ಪರಿಚಯವಾಗಿದೆ ಎಂಬ ಧೈರ್ಯ ಬಂದ ಮೇಲೆ ಇದು ತಾನಾಗಿ ಇಳಿಯುತ್ತದೆ. ಆದ್ದರಿಂದ ಬ್ಯಾಂಡಿಗಿಂತ ಮೊದಲು ಪಕ್ಕದ ಮನೆಯ ಪಿನ್ನಿಗಾರನ್ನು, ನಮ್ಮ ಮಾತಿನಲ್ಲಿ ಚಿಕ್ಕಮ್ಮನನ್ನು, ಮಾತಾಡಿಸು.

ಎರಡನೆಯದು ಸೆಕೆ. ನಮ್ಮ ಉಡುಪಿಯಲ್ಲೂ ಸೆಕೆ ಇದೆ, ಆದರೆ ಸಂಜೆಯಾದರೆ ಕಡಲಗಾಳಿ ಇದೆ. ವಿಜಯವಾಡ ಕಡಲಿನಿಂದ ಒಳಗೆ, ಸುತ್ತ ಬಂಡೆಗುಡ್ಡ, ನಡುವೆ ಕೃಷ್ಣೆ. ಹಗಲೆಲ್ಲ ಕಾದ ಇಂದ್ರಕೀಲಾದ್ರಿಯ ಬಂಡೆಯೂ ನಿನ್ನ ಮನೆಯ ತಾರಸಿಯೂ ರಾತ್ರಿಯಿಡೀ ಆ ಕಾವನ್ನು ಬಿಡುತ್ತಲೇ ಇರುತ್ತವೆ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎಂದು ಅಲ್ಲಿಯ ಹಿರಿಯರು ಹೇಳುವುದನ್ನು ನೀನು ಕೇಳಿರಬಹುದು. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು, ಅಂಗೈ ಅಂಗಾಲಿನ ಮೂಲಕ ಕಾವು ಹೊರಗೆ ಹೋಗಬೇಕು, ಬೆವರು ಆರಬೇಕು. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಆಗ ಎಚ್ಚರ ಹೆಚ್ಚುತ್ತದೆ, ಗಾಢ ನಿದ್ದೆಯೂ ಕನಸಿನ ನಿದ್ದೆಯೂ ಎರಡೂ ಕಡಿಮೆಯಾಗುತ್ತವೆ, ನಾಡಿ ಏರಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ನಿನ್ನ ದಾಖಲೆಯನ್ನು ಡಿಸೆಂಬರಿನದರ ಪಕ್ಕ ಇಟ್ಟು ನೋಡು. ಗೆರೆಗಳು ಬೇಸಿಗೆಯಲ್ಲೇ ದಟ್ಟವಾಗಿದ್ದರೆ ಕಾರಣ ನಿನ್ನೊಳಗಿಲ್ಲ, ತಾರಸಿಯಲ್ಲಿದೆ. ಮೇಲಿನ ಮಹಡಿ ಬಿಟ್ಟು ಕೆಳಗಿನ ಕೋಣೆಯಲ್ಲಿ ಮಲಗು. ಸಂಜೆ ತಾರಸಿಗೆ ನೀರು ಚಿಮುಕಿಸು. ಮಲಗುವುದಕ್ಕೆ ಒಂದು ಗಂಟೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡು. ತಣ್ಣೀರಲ್ಲ, ಬೆಚ್ಚಗಿನದೇ. ಚರ್ಮಕ್ಕೆ ರಕ್ತ ಹರಿದು ಒಳಗಿನ ಕಾವು ಹೊರಗೆ ಬರುತ್ತದೆ. ಎ.ಸಿ. ಇದ್ದರೆ 24ರಿಂದ 26ರ ನಡುವೆ ಇಟ್ಟು ಫ್ಯಾನು ನಿಧಾನಕ್ಕೆ ತಿರುಗಲಿ. ಸೊಳ್ಳೆಪರದೆ ಕಟ್ಟುವುದು ಬಿಡಬೇಡ, ಸೊಳ್ಳೆ ಹೊಡೆಯುವ ಕೈಯೂ ಬ್ಯಾಂಡಿನ ಲೆಕ್ಕದಲ್ಲಿ ಅಶಾಂತಿಯೇ.

ಶನಿವಾರ ರಾತ್ರಿಯ ರೈಲಿನಲ್ಲಿ ವಿಶಾಖಕ್ಕೆ ಹೋದಾಗಿನ ದಾಖಲೆಯನ್ನಂತೂ ಅಳಿಸಿಬಿಡು. ಎರಡು ಊರಿನ ನಡುವೆ 350 ಕಿಲೋಮೀಟರು, ಏನಿಲ್ಲವೆಂದರೂ ಆರು ಗಂಟೆಯ ದಾರಿ. ಬರ್ತು ಅಲುಗುವುದನ್ನು ಬ್ಯಾಂಡು ನಿನ್ನ ಕೈ ಅಲುಗಿತೆಂದೇ ತಿಳಿಯುತ್ತದೆ. ರಾಜಮಂಡ್ರಿಯ ಸೇತುವೆಯ ಮೇಲೆ ಗಾಡಿ ಹೋಗುವಾಗ ನೀನು ಗಾಢ ನಿದ್ದೆಯಲ್ಲಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಬೆಳಗಿನ ರತ್ನಾಚಲ್ ಹಿಡಿಯಬೇಕು ಎಂದು ಅಲಾರಂ ಇಟ್ಟು ಮಲಗಿದ ರಾತ್ರಿಯದು ಬೇರೆ ಕಥೆ. ಅಲ್ಲಿ ನಿಜವಾಗಿಯೇ ಕೋಳಿನಿದ್ದೆ. ರೈಲು ತಪ್ಪೀತು ಎಂಬ ಅಂಜಿಕೆ ಇರುವ ರಾತ್ರಿ ಯಾರಿಗೂ ಗಟ್ಟಿ ನಿದ್ದೆ ಬರುವುದಿಲ್ಲ. ಒಂದು ರಾತ್ರಿಯ ಕೊರತೆಯನ್ನು ದೇಹ ಮರುದಿನ ತಾನೇ ತುಂಬಿಕೊಳ್ಳುತ್ತದೆ.

ಅಳಿಯಂದಿರ ಕಷ್ಟ ನಿನ್ನದಕ್ಕಿಂತ ದೊಡ್ಡದು, ಅದನ್ನು ನೀನು ಅರ್ಥ ಮಾಡಿಕೊಳ್ಳಬೇಕು. ವಿಶಾಖದ ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸುಗಳಿಗೆ ಗೋದಾವರಿ, ಕೃಷ್ಣಾ, ಅನ್ನಪೂರ್ಣಾ ಎಂದು ಚೆಂದದ ಹೆಸರಿಟ್ಟಿದ್ದಾರೆ. ಆದರೆ ಅವು ಉರಿಯಲು ತೊಡಗಿದರೆ ರಾತ್ರಿ ಹಗಲು ಎನ್ನದೆ ಉರಿಯಬೇಕು, ಬೇಕೆಂದಾಗ ಆರಿಸಿ ಹಚ್ಚುವ ಒಲೆಯಲ್ಲ. ಹಾಗಾಗಿ ಯಾರಾದರೂ ರಾತ್ರಿಪಾಳಿ ಮಾಡಲೇಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಂತು ಬಂದವರು ಹಗಲು ಮಲಗಿದರೆ, ಎಷ್ಟೇ ದಣಿದಿದ್ದರೂ ರಾತ್ರಿಯ ನಿದ್ದೆಗಿಂತ ಒಂದೆರಡು ಗಂಟೆ ಕಡಿಮೆಯೇ. ದೇಹದೊಳಗಿನ ಗಡಿಯಾರ ಸೂರ್ಯನನ್ನು ನೋಡಿ ನಡೆಯುತ್ತದೆ, ಪಾಳಿಯ ಪಟ್ಟಿ ನೋಡಿ ಅಲ್ಲ. ಹಲವು ಬ್ಯಾಂಡುಗಳು ಮೂರು ಗಂಟೆಗಿಂತ ಕಡಿಮೆ ನಿದ್ದೆಗೆ ಹಂತಗಳ ಲೆಕ್ಕವನ್ನೇ ಕೊಡುವುದಿಲ್ಲ. ಅವರು ಬೆಳಿಗ್ಗೆ ಎರಡೂವರೆ ಗಂಟೆ, ಮಧ್ಯಾಹ್ನ ಊಟದ ನಂತರ ಎರಡು ಗಂಟೆ ಎಂದು ತುಂಡು ತುಂಡಾಗಿ ಮಲಗುತ್ತಾರೆ. ಅವರ ದಾಖಲೆ ಖಾಲಿ ಕಾಣುವುದು ಆ ಕಾರಣಕ್ಕೆ. ಅವರ ಅಂಕ ಕಡಿಮೆ ಎಂದು ನೀನು ಗದರಬೇಡ. ಅವರಿಗೆ ಬೇಕಾದದ್ದು ಕತ್ತಲೆ ಕೋಣೆ, ಫೋನು ಬೇರೆ ಕೋಣೆಯಲ್ಲಿ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಯಾರೂ ಬಾಗಿಲು ತಟ್ಟದ ವ್ಯವಸ್ಥೆ. ನೀನೂ ಆ ಹೊತ್ತಿನಲ್ಲಿ ಫೋನು ಮಾಡಬೇಡ. ಪಾಳಿಗೆ ಹೊರಡುವ ಮೊದಲು ಸಂಜೆ ಒಂದು ಗಂಟೆ ಜೋಂಪು ತೆಗೆಯಲಿ. ಕಾಫಿ ಪಾಳಿಯ ಮೊದಲ ಅರ್ಧಕ್ಕೆ ಸಾಕು. ಕುಡಿದ ಕಾಫಿಯ ಅರ್ಧದಷ್ಟು ಅಂಶ ಐದಾರು ಗಂಟೆಯ ನಂತರವೂ ರಕ್ತದಲ್ಲಿ ಇರುತ್ತದೆ, ನಸುಕಿನ ನಾಲ್ಕಕ್ಕೆ ಕುಡಿದದ್ದು ಬೆಳಗಿನ ಒಂಬತ್ತರ ನಿದ್ದೆಯನ್ನು ತಿನ್ನುತ್ತದೆ.

ಇದರಲ್ಲಿ ನನಗೆ ನಿಜಕ್ಕೂ ಭಯ ಇರುವುದು ಒಂದೇ ಕಡೆ, ಪಾಳಿ ಮುಗಿಸಿ ಬೈಕಿನಲ್ಲಿ ಗಾಜುವಾಕದ ಕಡೆ ಬರುವ ದಾರಿಯಲ್ಲಿ. ಹದಿನೇಳು ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟೇ ಕುಂದಿರುತ್ತದೆ ಎಂದು 1997ರಲ್ಲೇ ಆಸ್ಟ್ರೇಲಿಯಾದವರು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ ಶೇ 0.03. ಕುಡಿಯದವರೂ ನಿದ್ದೆಗೆಟ್ಟರೆ ಆ ಮಿತಿ ದಾಟುತ್ತಾರೆ ಎಂದಾಯಿತು. ಆಂಧ್ರದ ಪೊಲೀಸರು ಹೆದ್ದಾರಿಯಲ್ಲಿ ರಾತ್ರಿ ಲಾರಿ, ಕಾರುಗಳನ್ನು ನಿಲ್ಲಿಸಿ ಚಾಲಕರಿಗೆ ಮುಖ ತೊಳೆಸಿ ಕಳಿಸುತ್ತಾರಲ್ಲ, ಅದು ಒಳ್ಳೆಯ ಕೆಲಸ, ಗಾಡಿ ನಿಲ್ಲುವುದರಲ್ಲೇ ಅರ್ಧ ಲಾಭ. ಆದರೆ ತಣ್ಣೀರಿನಿಂದ ಓಡಿದ ನಿದ್ದೆ ಕೆಲವೇ ನಿಮಿಷಕ್ಕೆ ಮರಳುತ್ತದೆ. ಒಂದು ಲೋಟ ಕಾಫಿ ಕುಡಿದು ಹದಿನೈದು ನಿಮಿಷ ಕಣ್ಣು ಮುಚ್ಚಿ ಕೂತರೆ ಎಚ್ಚರ ಒಂದೆರಡು ಗಂಟೆ ನಿಲ್ಲುತ್ತದೆ. ಅವರಿಗೆ ಹೇಳು, ರಾತ್ರಿಪಾಳಿಯ ದಿನ ಬೈಕು ಬೇಡ, ಬಸ್ಸು ಹಿಡಿಯಲಿ. ಬ್ಯಾಂಡಿನ ಅಂಕ ತೊಂಬತ್ತಿದ್ದರೂ ಈ ಮಾತು ಬದಲಾಗುವುದಿಲ್ಲ.

ಅಂಕ ಹಂಚಿಕೊಳ್ಳುವ ಅಭ್ಯಾಸವನ್ನು ಇಬ್ಬರೂ ಇವತ್ತೇ ನಿಲ್ಲಿಸಿ. ನಿನ್ನ ನಿದ್ದೆಯನ್ನು ಅವರದರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಕಂಪನಿ ಬೇರೆ, ಲೆಕ್ಕದ ಸೂತ್ರ ಬೇರೆ, ದೇಹ ಬೇರೆ, ಪಾಳಿ ಬೇರೆ. ನಿನ್ನ ಈ ವಾರವನ್ನು ನಿನ್ನದೇ ಹಿಂದಿನ ತಿಂಗಳ ಜೊತೆ ನೋಡಿದರೆ ಮಾತ್ರ ಅರ್ಥವಿದೆ. ಅಂಕವನ್ನು ನೋಡುವ ಹೊತ್ತೂ ಮುಖ್ಯ. 2014ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಕೆಲವರಿಗೆ ನಿನ್ನೆ ನಿಮಗೆ ಒಳ್ಳೆಯ ನಿದ್ದೆ ಆಗಿದೆ ಎಂದು, ಇನ್ನು ಕೆಲವರಿಗೆ ಆಗಿಲ್ಲ ಎಂದು ಸುಳ್ಳೇ ಹೇಳಿ ಬುದ್ಧಿಯ ಪರೀಕ್ಷೆ ಕೊಟ್ಟರು. ಆಗಿಲ್ಲ ಎಂದು ಕೇಳಿಸಿಕೊಂಡವರು ಹಿಂದೆ ಬಿದ್ದರು. 2018ರಲ್ಲಿ ಆಕ್ಸ್‌ಫರ್ಡಿನವರು ನಿದ್ರಾಹೀನತೆ ಇದ್ದವರಿಗೆ ಬ್ಯಾಂಡಿನ ಹೆಸರಿನಲ್ಲಿ ಸುಳ್ಳು ಅಂಕ ತೋರಿಸಿದಾಗಲೂ ಹಾಗೆಯೇ ಆಯಿತು. ಕೆಟ್ಟ ಅಂಕ ಕಂಡವರಿಗೆ ದಿನವಿಡೀ ಆಯಾಸ, ಮಂಕು. ನಿದ್ದೆ ಕೆಟ್ಟಿದೆ ಎಂಬ ನಂಬಿಕೆಯೇ ಹಗಲನ್ನು ಕೆಡಿಸಬಲ್ಲದು. 2017ರಲ್ಲಿ ಅಮೆರಿಕದ ಸಂಶೋಧಕರು ಅಂಕದ ಬೆನ್ನು ಹತ್ತಿ ನಿದ್ದೆಗೆಡುವ ಸ್ಥಿತಿಗೆ ‘ಆರ್ಥೋಸೋಮ್ನಿಯಾ’ ಎಂದು ಹೆಸರಿಟ್ಟರು. ಅಂಕ ಏರಿಸಲೆಂದು ನಿದ್ದೆ ಬರದಿದ್ದರೂ ಹಾಸಿಗೆಯಲ್ಲೇ ಬಿದ್ದಿರುವವರು, ಆಸ್ಪತ್ರೆಯ ಪರೀಕ್ಷೆ ಸರಿಯಿದೆ ಎಂದರೂ ಬ್ಯಾಂಡನ್ನೇ ನಂಬುವವರು ಅವರ ಬಳಿ ಬಂದಿದ್ದರು.

ನನ್ನ ಕೋಣೆಗೂ ಎರಡು ಬಗೆಯವರು ಬರುತ್ತಿದ್ದರು. ಕಣ್ಣು ಮುಚ್ಚಲೇ ಇಲ್ಲ ಎಂದು ಬೆಳಿಗ್ಗೆ ಅಳುಮುಖ ಮಾಡುವವರ ದಾಖಲೆಯಲ್ಲಿ ಐದೂವರೆ ಗಂಟೆ ನಿದ್ದೆ ಇರುತ್ತಿತ್ತು. ಒಳ್ಳೆ ನಿದ್ದೆ ಬಂತಮ್ಮ ಎಂದು ನಗುತ್ತ ಎದ್ದು ಹೋದವರ ಉಸಿರು ಗಂಟೆಗೆ ನಲವತ್ತು ಸಲ ನಿಂತು ನಿಂತು ಹೊರಟಿರುತ್ತಿತ್ತು. ಆದ್ದರಿಂದ ಬ್ಯಾಂಡನ್ನು ಮಾತ್ರವಲ್ಲ, ರಾತ್ರಿಯ ಬಗ್ಗೆ ನಮ್ಮ ನೆನಪನ್ನೂ ಪೂರಾ ನಂಬುವ ಹಾಗಿಲ್ಲ. ನಂಬಬೇಕಾದ್ದು ಹಗಲನ್ನು. 1991ರಲ್ಲಿ ಮೆಲ್ಬರ್ನಿನ ಎಪ್‌ವರ್ತ್ ಆಸ್ಪತ್ರೆಯ ವೈದ್ಯರು ಒಂದು ಸುಲಭದ ಪ್ರಶ್ನೆಪಟ್ಟಿ ಮಾಡಿದರು, ಇವತ್ತಿಗೂ ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಓದುವಾಗ, ಟಿ.ವಿ. ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಬಸ್ಸಿನಲ್ಲಿ ಒಂದು ಗಂಟೆ ಪ್ರಯಾಣ ಮಾಡುವಾಗ, ಮಧ್ಯಾಹ್ನ ಒರಗಿದಾಗ, ಯಾರ ಜೊತೆಗಾದರೂ ಮಾತಾಡುವಾಗ, ಊಟದ ನಂತರ, ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಹೀಗೆ ಎಂಟು ಸಂದರ್ಭ. ಒಂದೊಂದರಲ್ಲಿ ತೂಕಡಿಕೆ ಬರುವ ಸಂಭವಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 24. ಹತ್ತು ದಾಟಿದರೆ ವೈದ್ಯರನ್ನು ಕಾಣಬೇಕು. ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ಫೋನು ಮುಟ್ಟದೆ, ನಿನ್ನೆ ಎಷ್ಟಕ್ಕೆ ಮಲಗಿದೆ, ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು ಅನ್ನಿಸುತ್ತದೆ, ಎಷ್ಟು ಸಲ ಎದ್ದೆ, ಈಗ ಮೈ ಹೇಗಿದೆ ಎಂದು ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆ. ಕಾಫಿ, ರಾತ್ರಿಯೂಟದ ಹೊತ್ತು, ಮುಟ್ಟಿನ ದಿನ, ಕೆಲಸದ ಒತ್ತಡ ಇದ್ದರೆ ಅದನ್ನೂ ಬರೆ. ಮುಟ್ಟಿನ ಹಿಂದಿನ ವಾರ ಮೈ ತುಸು ಬೆಚ್ಚಗಿರುತ್ತದೆ, ನಾಡಿ ಏರಿರುತ್ತದೆ, ಆಗ ಗೆರೆಗಳು ಹೆಚ್ಚುವುದು ಸಹಜ. ರಾತ್ರಿ ಹತ್ತಕ್ಕೆ ಗೋಂಗೂರ, ಆವಕಾಯ ಹಾಕಿಕೊಂಡು ಉಂಡು ಹನ್ನೊಂದಕ್ಕೆ ಮಲಗಿದರೆ ಎದೆಯುರಿಯಿಂದಲೂ ಹೊರಳಾಟ ಬರುತ್ತದೆ. ಬ್ಯಾಂಡನ್ನು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ ತೆರೆದು ಪುಸ್ತಕದ ಪಕ್ಕ ಇಟ್ಟು ನೋಡು. ಎರಡೂ ಒಂದೇ ಮಾತು ಹೇಳುವ ರಾತ್ರಿಗಳನ್ನು ಗುರುತು ಮಾಡು.

ಹೀಗೆ ಎರಡು ವಾರ ಬರೆದ ಮೇಲೂ ಹೊರಳಾಟ ಹಾಗೇ ಇದ್ದು ಹಗಲೂ ಮಂಕಾಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಂಜೆಯಾದರೆ ಕಾಲಲ್ಲಿ ಏನೋ ಹರಿದ ಹಾಗೆ, ಸೆಳೆದ ಹಾಗೆ ಆಗಿ, ಅಲುಗಾಡಿಸಿದರೆ ಮಾತ್ರ ಸಮಾಧಾನ ಎನ್ನುವ ತೊಂದರೆ ಹೆಣ್ಣುಮಕ್ಕಳಲ್ಲಿ ಹೆಚ್ಚು. ಅದಕ್ಕೆ ಬಹಳ ಸಲ ಕಬ್ಬಿಣದ ಕೊರತೆ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಒಳಗಿನ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಆದ್ದರಿಂದ ಫೆರಿಟಿನ್ ಪರೀಕ್ಷೆ ಮಾಡಿಸು. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತದೆ.

ಅಳಿಯಂದಿರು ಗೊರಕೆ ಹೊಡೆಯುತ್ತಾರೆಯೇ? ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಉಬ್ಬಸ ಬಂದವರ ಹಾಗೆ ಎಳೆದುಕೊಳ್ಳುತ್ತಾರೆಯೇ? ಬೆಳಿಗ್ಗೆ ಬಾಯಿ ಒಣಗಿ ತಲೆ ನೋಯುತ್ತದೆಯೇ? ಬಿ.ಪಿ. ಏರುತ್ತಿದೆಯೇ? ನೀನು ಪಕ್ಕದಲ್ಲಿ ಮಲಗಿದ ಭಾನುವಾರಗಳಲ್ಲಿ ಇದನ್ನು ಗಮನಿಸು, ಬ್ಯಾಂಡಿಗಿಂತ ನಿನ್ನ ಕಿವಿ ಮೇಲು. ಉಸಿರುಗಟ್ಟುವ ಈ ಕಾಯಿಲೆ, ಸ್ಲೀಪ್ ಆಪ್ನಿಯಾ, ನಮ್ಮಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಮಂದಿಗೆ ಇದೆ ಎಂದು ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಅಂದಾಜು ಮಾಡಿದರು. ದಪ್ಪಗಿರುವವರಿಗೆ ಮಾತ್ರ ಬರುವುದಿಲ್ಲ, ಸಣಕಲಾಗಿರುವವರಿಗೂ ಗದ್ದ ಒಳಸರಿದಿದ್ದರೆ ಬರುತ್ತದೆ. ಗಂಟೆಗೆ ಐದರ ಮೇಲೆ ಉಸಿರು ಕಟ್ಟಿದರೆ ಕಾಯಿಲೆ, ಮೂವತ್ತು ದಾಟಿದರೆ ತೀವ್ರ. ಈಚಿನ ಕೆಲವು ದುಬಾರಿ ವಾಚುಗಳು ಇದರ ಸುಳಿವು ಕೊಡುತ್ತವೆ, ಆದರೆ ಸುಳಿವು ಬರಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಖಚಿತವಾಗಬೇಕಾದರೆ ಪರೀಕ್ಷೆಯೇ ಆಗಬೇಕು. ನಿದ್ದೆ ಬರುವುದಿಲ್ಲ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆಮಾತ್ರೆ ತಂದು ನುಂಗುವುದು ಮಾತ್ರ ಖಂಡಿತ ಬೇಡ. ಉಸಿರುಗಟ್ಟುವವರಿಗೆ ಅದು ಅಪಾಯ. ಬರೀ ನಿದ್ರಾಹೀನತೆಯೇ ಆಗಿದ್ದರೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ಅಭ್ಯಾಸ ತಿದ್ದುವುದು. ಏಳುವ ಹೊತ್ತು ದಿನಾ ಒಂದೇ ಇರಲಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ ಕೂತು, ತೂಕಡಿಕೆ ಬಂದಾಗ ಹಾಸಿಗೆಗೆ ಬಾ.

ಕನಸಿನಲ್ಲಿ ಕೂಗುತ್ತ, ಒದೆಯುತ್ತ, ಮಂಚದಿಂದ ಬೀಳುವುದೊಂದಿದೆ. ಅದು ಹೆಚ್ಚಾಗಿ ಐವತ್ತು ದಾಟಿದ ಗಂಡಸರಲ್ಲಿ, ನಿಮ್ಮಪ್ಪನಿಗೆ ಅಂಥದ್ದೇನಾದರೂ ಇದೆಯೇ ಎಂದು ನಿಮ್ಮಮ್ಮನನ್ನು ಕೇಳು. ಇದ್ದರೆ ನರರೋಗದ ವೈದ್ಯರಿಗೆ ತೋರಿಸಬೇಕು, ಮುಂದೆ ಪಾರ್ಕಿನ್ಸನ್ ಬರುವ ಮುನ್ಸೂಚನೆ ಆಗಿರಬಹುದು.

ಅಳಿಯಂದಿರು ಮೊದಲು ಉಕ್ಕುನಗರದ ಕಾರ್ಖಾನೆಯ ಆಸ್ಪತ್ರೆಗೇ ಹೋಗಲಿ, ಪಾಳಿಯವರ ನಿದ್ದೆ ಅಲ್ಲಿಯ ವೈದ್ಯರಿಗೆ ಹೊಸ ದೂರಲ್ಲ. ಹೋಗುವಾಗ ಫೋನಿನ ಚಿತ್ರಗಳನ್ನು ರಾಶಿ ತೋರಿಸಬೇಡಿ. ಎರಡು ವಾರ ಬರೆದ ಪುಸ್ತಕ, ಎಂಟು ಪ್ರಶ್ನೆಯ ಅಂಕ, ತಿಂಗಳ ಪಾಳಿಯ ಪಟ್ಟಿ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಗೊರಕೆಯ ಒಂದು ನಿಮಿಷದ ರೆಕಾರ್ಡಿಂಗು, ಇಷ್ಟು ಸಾಕು. ನಿನ್ನ ಫೆರಿಟಿನ್ ವರದಿ ಬಂದ ದಿನ ನನಗೆ ಫೋನು ಮಾಡು. ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತೇನೆ.

ನಿನ್ನ ಅತ್ತೆ